ಲ್ಯಾಪ್‌ಟಾಪಿಗೆ ಪಹರೆ

ತಾವು ಇನ್ನೂ ಬದುಕಿದ್ದೇವೆಂದು ಪಿಂಚಣಿ ಕಚೇರಿಗೆ ತೋರಿಸಿಕೊಡಲು ಬಾಳಾಸಾಹೇಬ ಶೇಟೆಯವರಿಗೆ ಸಿಕ್ಕಿದ್ದು ಒಂದೇ ಒಂದು ತಾಸು: ನವೆಂಬರ್ ಮೂವತ್ತರ ಮಧ್ಯಾಹ್ನ ಮೂರರಿಂದ ನಾಲ್ಕು. ಅಂದು ಬೆಳಿಗ್ಗೆ ಹತ್ತಕ್ಕೆ ಸೊಸೆಯ ಲ್ಯಾಪ್‌ಟಾಪು ಒಂದು ಸಣ್ಣ ನಿದ್ದೆ ತೆಗೆದು ಎದ್ದಿತು. ಎದ್ದಾಗ ಅದಕ್ಕೆ ವೈಫೈ ಮರೆತುಹೋಗಿತ್ತು.

ಬದುಕಿರುವ ಮನುಷ್ಯ ಕಚೇರಿಗೆ ನಡೆದುಹೋಗಿ ಮುಖ ತೋರಿಸಬಾರದೇ ಎಂದು ನೀವು ಕೇಳಬಹುದು. ಹೋಗಿದ್ದರು. ಮಿರಜಿನ ಸೂತಗಿರಣಿಯಲ್ಲಿ ಮೂವತ್ತೊಂದು ವರ್ಷ ನೂಲಿನ ಎಳೆ ಹಿಡಿದೂ ಹಿಡಿದೂ ಅವರ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಸಾಂಗ್ಲಿಯ ಕೇಂದ್ರದಲ್ಲಿ ಹೆಬ್ಬೆಟ್ಟು ಒತ್ತಿದರೆ ಯಂತ್ರ ಮೂರು ಸಲವೂ ಕೆಂಪು ದೀಪ ತೋರಿಸಿತು. "ಕಾಕಾ, ಬೆರಳೈತಿ, ಗುರುತಿಲ್ಲ" ಎಂದು ಅಲ್ಲಿನ ಗುಮಾಸ್ತ ಕೈಚೆಲ್ಲಿದ. ಕೊನೆಗೆ ಕಚೇರಿಯವರು ದಯೆ ತೋರಿ ವಿಡಿಯೊ ಮೂಲಕ ಹಯಾತಿ ದಾಖಲೆ, ಅಂದರೆ ಈತ ಜೀವಂತ ಇದ್ದಾನೆ ಎಂಬ ಪತ್ರ ಮಾಡಿಕೊಡಲು ಒಪ್ಪಿದರು. ಮೂರರಿಂದ ನಾಲ್ಕರ ನಡುವೆ ಯಾವ ಗಳಿಗೆಯಲ್ಲಾದರೂ ಅಧಿಕಾರಿ ಪರದೆಯ ಮೇಲೆ ಬರುತ್ತಾರೆ, ಬಂದಾಗ ಎದುರಿಗಿರಬೇಕು. ಅದು ಕಡೆಯ ದಿನ. ತಪ್ಪಿದರೆ ಡಿಸೆಂಬರಿನಿಂದ ಪಿಂಚಣಿ ಬಂದ್. ಹಾಗೆ ತಪ್ಪಿಸಿಕೊಂಡ ಬೇಡಗ ಹಳ್ಳಿಯ ಹಳೆಯ ಗೆಳೆಯನೊಬ್ಬ ತಾನು ಸತ್ತಿಲ್ಲವೆಂದು ಒಪ್ಪಿಸಲು ಹನ್ನೊಂದು ತಿಂಗಳು ಅಲೆದಿದ್ದ. ಆ ಅಲೆದಾಟದಲ್ಲಿ ಅವನು ನಿಜವಾಗಿಯೂ ಅರ್ಧ ಸತ್ತಿದ್ದನ್ನು ಬಾಳಾಸಾಹೇಬರು ಕಣ್ಣಾರೆ ಕಂಡಿದ್ದರು.

ಸೊಸೆ ರೂಪಾಲಿ ಕನ್ನಡ ಶಾಲೆಯ ಶಿಕ್ಷಕಿ. ಅವತ್ತು ಅವಳಿಗೆ ಸಾಂಗ್ಲಿಯಲ್ಲಿ ತರಬೇತಿ. ಬಾಗಿಲಲ್ಲೇ ಎಲ್ಲರ ಫೋನು ತೆಗೆದಿಟ್ಟುಕೊಳ್ಳುವಂಥ ತರಬೇತಿ. ಹೊರಡುವ ಮುಂಚೆ ತನ್ನ ಮೇಲ್ ತೆರೆದು, ಕಚೇರಿಯ ಪುಟ ಹಚ್ಚಿಟ್ಟು, "ಮಾಮಾ, ಏನೂ ಮುಟ್ಟಬ್ಯಾಡ್ರಿ. ಮೂರಕ್ಕ ಇದರ ಮುಂದ ಕುಂದರ್ರಿ, ಅವರ ಬರ್ತಾರ" ಎಂದು ಹೇಳಿ ಹೋಗಿದ್ದಳು. ಬಾಳಾಸಾಹೇಬರು ಮಾತು ಮೀರಲಿಲ್ಲ, ಏನನ್ನೂ ಮುಟ್ಟಲಿಲ್ಲ. ಯಾರೂ ಮುಟ್ಟದ್ದರಿಂದ ಲ್ಯಾಪ್‌ಟಾಪು ಮಲಗಿತು. ಕಪ್ಪಾದ ಪರದೆ ನೋಡಿ ಗಾಬರಿಯಾಗಿ ಒಂದು ಕೀಲಿ ಒತ್ತಿದಾಗ ಎದ್ದಿತು. ಕಚೇರಿಯ ಪುಟದ ಮೇಲೆ ಮಾತ್ರ ಇಂಟರ್‌ನೆಟ್ ಇಲ್ಲ ಎಂಬ ಬರಹ ಬಂದಿತ್ತು.

ಬೇರೆಯವರಾಗಿದ್ದರೆ ಅಲ್ಲೇ ಬೆವರುತ್ತಿದ್ದರು. ಬಾಳಾಸಾಹೇಬರು ಕನ್ನಡಕ ಒರೆಸಿಕೊಂಡರು. ಗಿರಣಿಯಲ್ಲಿ ಸಾಂಚೆ, ಅಂದರೆ ನೂಲುವ ಯಂತ್ರ ನಿಂತಾಗ, ಅದನ್ನು ನೋಡಿಕೊಳ್ಳುವ ಉಳಿದ ಜಾಬರ್‌ಗಳು ಅದಕ್ಕೊಂದು ಒದೆ ಕೊಟ್ಟು ನಡೆಸುತ್ತಿದ್ದರು. ಇವರು ಮಾತ್ರ ಯಾಕೆ ನಿಂತಿತೆಂದು ತಿಳಿಯುವ ತನಕ ಊಟಕ್ಕೂ ಏಳುತ್ತಿರಲಿಲ್ಲ. ಈಗಲೂ ಅದೇ ಆಯಿತು. ಎಚ್ಚರವಾದ ಮೇಲೆ ಲ್ಯಾಪ್‌ಟಾಪಿಗೆ ಎಲ್ಲ ನೆನಪಿದೆ. ಗಡಿಯಾರ ಸರಿ ಇದೆ, ತೆರೆದ ಪುಟ ಹಾಗೇ ಇದೆ, ಮೊಮ್ಮಗಳ ಚಿತ್ರ ನಗುತ್ತಿದೆ. ವೈಫೈ ಒಂದನ್ನೇ ಅದು ಯಾಕೆ ಮರೆಯಬೇಕು?

ಅವರು ರೂಪಾಲಿಯ ಒಂದು ರಫ್ ವಹಿ ತೆಗೆದುಕೊಂಡು ಪ್ರಯೋಗಕ್ಕೆ ಕೂತರು. ಮೊದಲು ಪೂರ್ತಿ ಬಂದ್ ಮಾಡಿ ಹಚ್ಚಿದರು. ಹಳೆಯ ಯಂತ್ರ, ಎದ್ದು ಮೈಮುರಿಯಲು ಹನ್ನೊಂದು ನಿಮಿಷ ತೆಗೆದುಕೊಂಡಿತು, ಆದರೆ ವೈಫೈ ಬಂತು. ಅಷ್ಟಕ್ಕೆ ಬಿಡಬೇಕಿತ್ತು. ಬಾಳಾಸಾಹೇಬರ ಕೈ ಕೇಳಲಿಲ್ಲ. ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆದರು. ವೈಫೈ ಇಲ್ಲ. ಮತ್ತೆ ಬಂದ್ ಮಾಡಿ ಹಚ್ಚಿದರು, ಬಂತು. ಮತ್ತೆ ಮಲಗಿಸಿ ಎಬ್ಬಿಸಿದರು, ಹೋಯಿತು. 'ಹೊಸದಾಗಿ ಹುಟ್ಟಿದರೆ ಬರುತ್ತದೆ, ಮಲಗಿ ಎದ್ದರೆ ಬರುವುದಿಲ್ಲ' ಎಂದು ವಹಿಯಲ್ಲಿ ಬರೆದುಕೊಂಡು ಕೆಳಗೆ ಒಂದು ಗೆರೆ ಎಳೆದರು. ಮನಸ್ಸಿಗೆ ಹಿತವೆನಿಸಿತು.

ಅಷ್ಟರಲ್ಲಿ ಮಾಳಿಗೆಯ ಮನೆಯ ಇಂದುಬಾಯಿ ಒಂದು ಕಪ್ ಚಹಾ ಹಿಡಿದು ಇಳಿದುಬಂದರು. ಚಹಾ ನೆಪ. ಹಲವು ಮನೆಗಳಿಗೆ ಒಂದೇ ಅಂಗಳವಿದ್ದ ಆ ವಾಡೆಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಇಂದುಬಾಯಿಗೆ ಮೊದಲು ತಿಳಿಯಬೇಕು.

"ಆ ಪೆಟಗಿ ಮುಂಜಾನಿಂದ ಮೂರ ಸಲ ಠಣ್ ಅಂತು. ಏನ ನಡಸೀರಿ ದಾದಾ?"

"ಮಲಗಿ ಎದ್ದರ ಅದಕ್ಕ ವೈಫೈ ಸಿಗವಲ್ದು. ಯಾಕ ಅಂತ ಹುಡುಕಾಕತ್ತೀನಿ."

"ಹುಡುಕೂದೇನು? ದೀಪಾ ಮಿಣಮಿಣ ಅನ್ನೋ ಆ ಡಬ್ಬಿ ಕಿಡಕಿಯಾಗಿಟ್ಟೀರಿ. ಗಾಳಿಗೆ ಎಲ್ಲಾ ಹೊರಗ ಹಾರಿ ಹೋಗತೈತಿ" ಎಂದು ಇಂದುಬಾಯಿ ರೌಟರನ್ನು ತಂತಿಸಮೇತ ಕಿತ್ತು ತಂದು, ದೇವರ ಜಗಲಿಯ ಮೇಲೆ ಬಸವಣ್ಣನ ಪಕ್ಕದಲ್ಲಿಟ್ಟರು. ಲ್ಯಾಪ್‌ಟಾಪಿಗೇನೂ ಆಗಲಿಲ್ಲ. ಮಾಳಿಗೆಯ ಮೇಲೆ ಇಂದುಬಾಯಿಯ ಟೀವಿ ಮಾತ್ರ ನಿಂತುಹೋಯಿತು. ಈ ಮನೆಯ ವೈಫೈ ಮೇಲೆ ಅವರ ಟೀವಿ ನಡೆಯುತ್ತಿತ್ತೆಂಬ ಸಂಗತಿ ಬಾಳಾಸಾಹೇಬರಿಗೆ ಗೊತ್ತಾದದ್ದು ಆಗಲೇ. ಇಂದುಬಾಯಿ ಲಗುಬಗೆಯಿಂದ ರೌಟರನ್ನು ಕಿಟಕಿಗೆ ಮರಳಿಸಿದರು. 'ದೋಷ ರೌಟರಿನದಲ್ಲ, ಲ್ಯಾಪ್‌ಟಾಪಿನದು' ಎಂದು ಬಾಳಾಸಾಹೇಬರು ಬರೆದುಕೊಂಡರು.

ಹನ್ನೆರಡಕ್ಕೆ ದಾದಾಸಾಬ ಬಂದ. ಪಕ್ಕದ ಓಣಿಯಲ್ಲಿ ಸಿತಾರು, ತಂಬೂರಿ ಮಾಡುವವನು. ಎದುರಿಗೆ ಯಾವ ವಸ್ತು ಕಂಡರೂ ಬೆರಳಿಂದ ತಟ್ಟಿ ಕೇಳುವುದು ಅವನ ಚಾಳಿ. ಲ್ಯಾಪ್‌ಟಾಪನ್ನು ಎತ್ತಿ ಕಿವಿಗೆ ಹಿಡಿದು ಕಣ್ಣು ಮುಚ್ಚಿದ.

"ಒಳಗ ಪಂಖಾ ಐತಲ್ಲ, ಅದರ ಸುರ ಸ್ವಲ್ಪ ಇಳದೈತಿ" ಎಂದ.

"ಅದಕೂ ವೈಫೈಗೂ ಏನ ಸಂಬಂಧ?"

"ಸಂಬಂಧ ನನಗ ಗೊತ್ತಿಲ್ಲ ಶೇಟೆ. ಖರೆ, ತಂಬೂರಿ ಇಳಿಸಿ ಗವಸಣಿಗಿ ಹಾಕಿಟ್ಟರ, ತೆಗದ ಮ್ಯಾಲ ಮತ್ತ ಸುರಕ್ಕ ತರಬೇಕು. ತಾನ ಬರೂದಿಲ್ಲ. ಇದನ್ನ ಮಲಗಸಾಕ ಒಬ್ಬಾವ ಇದ್ದಾನ, ಎದ್ದ ಮ್ಯಾಲ ಸುರ ಹಚ್ಚಾಕ ಒಬ್ಬಾವ ಇಲ್ಲ. ಇಷ್ಟ."

ಈ ಮಾತು ಬಾಳಾಸಾಹೇಬರ ತಲೆಯಲ್ಲಿ ಕೂತಿತು. ಹತ್ತಿರ ಬಂದಿದ್ದೇವೆ ಎಂದು ಅವರ ಮನಸ್ಸು ಹೇಳಿತು. ದಾದಾಸಾಬ ತನ್ನ ಅಂಗಡಿಯಿಂದ ಇಬ್ಬರಿಗೂ ಚಹಾ ತರಿಸಿದ. ಅದು ಬೆಳಗಿನಿಂದ ಮೂರನೆಯದು.

ಒಂದು ಗಂಟೆಗೆ ಈರೇಶ ಕಾಲಿಟ್ಟ. ಸ್ಟೇಷನ್ ರಸ್ತೆಯಲ್ಲಿ ಮೊಬೈಲಿನ ಕವರು, ಗಾಜು ಮಾರುವ ಅಂಗಡಿ ಅವನದು. ನಲವತ್ತು ದಾಟಿದ ಆಸಾಮಿ. ವಾಡೆಯಲ್ಲಿ ಮಿಕ್ಸರ್ ಕೆಟ್ಟರೂ ಅವನನ್ನೇ ಕರೆಯುತ್ತಿದ್ದರು, ಮಿಕ್ಸರ್ ಸರಿಯಾಗದಿದ್ದರೂ ಅವನನ್ನು ಯಾರೂ ಬೈಯುತ್ತಿರಲಿಲ್ಲ.

"ಕಾಕಾ, ಸರೀರಿ. ಎರಡ ಮಿನಿಟಿನ ಕೆಲಸ" ಎಂದು ಅವನು ವಿಮಾನದ ಚಿತ್ರವಿದ್ದ ಕೀಲಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಏನೂ ಆಗದಿದ್ದಾಗ, "ಒಂದ ಸಲ ರೀಸ್ಟಾರ್ಟ ಹೊಡದ ಬಿಡೂಣು" ಎಂದ.

"ರೀಸ್ಟಾರ್ಟಿಗೆ ಬರತೈತೋ, ಅದು ನನಗ ಗೊತ್ತೈತಿ. ಮಲಗಿ ಎದ್ದರ ಯಾಕ ಬರೂದಿಲ್ಲ, ಅದನ್ನ ಹೇಳು" ಎಂದರು ಬಾಳಾಸಾಹೇಬರು.

ಈರೇಶ ಆಗಲೇ ಒತ್ತಿಬಿಟ್ಟಿದ್ದ. ಪರದೆ ನೀಲಿಯಾಯಿತು. ನಡುವೆ ಚುಕ್ಕೆಗಳು ಗಿರಗಿರ ತಿರುಗತೊಡಗಿದವು. ಕೆಳಗೆ ಅಕ್ಷರ ಮೂಡಿದವು: ಅಪ್‌ಡೇಟ್ ನಡೆದಿದೆ, ಶೇಕಡಾ ನಾಲ್ಕು, ದಯವಿಟ್ಟು ಬಂದ್ ಮಾಡಬೇಡಿ.

"ಎಷ್ಟ ಹೊತ್ತ ಹಿಡೀತೈತಿ?" ಎಂದು ಬಾಳಾಸಾಹೇಬರು ಕೇಳಿದರು.

"ಅದು ಅದರ ಮನಸಿನ ಮ್ಯಾಲ ಐತಿ ಕಾಕಾ" ಎಂದ ಈರೇಶ. ಅವನ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಮುಂದಿನ ಒಂದು ತಾಸು ವಾಡೆಯ ಮಂದಿ ಪಡಸಾಲೆಯಲ್ಲಿ ಸೇರಿ ಶೇಕಡಾ ಎಣಿಸಿದರು. ಹದಿನೆಂಟಕ್ಕೆ ಬಂದಾಗ ಇಂದುಬಾಯಿ ಊಟ ಮಾಡಿ ಬಂದರು. ಮೂವತ್ತೊಂದರಲ್ಲಿ ಅದು ಕಾಲು ತಾಸು ನಿಂತಾಗ ದಾದಾಸಾಬ ಮಸೀದಿಗೆ ಹೋಗಿ ಬಂದ. ಎಪ್ಪತ್ತಕ್ಕೆ ಎಲ್ಲರಿಗೂ ಚಹಾ ಆಯಿತು. ಬಾಳಾಸಾಹೇಬರು ಎರಡು ತುತ್ತು ಅನ್ನವನ್ನೂ ನುಂಗಲಾರದೆ ಚಹಾದ ಮೇಲೆ ಚಹಾ ಕುಡಿದರು. ಬೇಡಗದ ಗೆಳೆಯನ ಮುಖ ಕಣ್ಣ ಮುಂದೆ ಬರುತ್ತಿತ್ತು. ಸತ್ಯ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು.

ಎರಡೂ ಇಪ್ಪತ್ತಕ್ಕೆ ನೂರು ತುಂಬಿತು. ಯಂತ್ರ ಠಣ್ ಎಂದಿತು, ವೈಫೈ ಬಂತು, ಕಚೇರಿಯ ಪುಟವೂ ತೆರೆದುಕೊಂಡಿತು. 'ನಿಮ್ಮ ಸರದಿ ಬರುವ ತನಕ ಕಾಯಿರಿ' ಎಂಬ ಸಾಲು ಕಂಡು ಎಲ್ಲರೂ ಉಸಿರುಬಿಟ್ಟರು. ಬಾಳಾಸಾಹೇಬರೊಬ್ಬರ ಪ್ರಶ್ನೆ ಹಾಗೇ ಉಳಿದಿತ್ತು.

"ಈರೇಶಾ, ಈ ವೈಫೈ ಅನ್ನೂದು ಇದರೊಳಗ ಎಲ್ಲಿರತೈತಿ, ಅದರ ಮನಿ ತೋರಸು."

ಮಾಡಿದ ತಪ್ಪಿನ ಭಾರಕ್ಕೆ ಈರೇಶ ತಕರಾರು ಮಾಡದೆ ಒಂದರೊಳಗೊಂದು ಕಿಟಕಿ ತೆರೆದು ತೋರಿಸಿದ. ಒಳಗಿನ ಒಂದೊಂದು ಸಾಮಾನಿನ ಪಟ್ಟಿ ಅಲ್ಲಿತ್ತು. ವೈಫೈ ಹೆಸರಿನ ಮೇಲೆ ಒತ್ತಿದರೆ ಮತ್ತೊಂದು ಕಿಟಕಿ. ಅದರಲ್ಲಿ ವಿದ್ಯುತ್ತಿನದೊಂದು ಹಾಳೆ. ಆ ಹಾಳೆಯ ಮೇಲೆ ಒಂದೇ ಸಾಲು, ಸಾಲಿನ ಮುಂದೆ ಒಂದು ಸಣ್ಣ ಚೌಕ, ಚೌಕದಲ್ಲಿ ಸರಿ ಗುರುತು. ಬಾಳಾಸಾಹೇಬರು ಮೂಗನ್ನು ಪರದೆಗೆ ತಾಗಿಸಿ ಓದಿಸಿಕೊಂಡರು. ಕರೆಂಟು ಉಳಿಸುವುದಕ್ಕಾಗಿ ಇದನ್ನು ಆರಿಸಲು ಕಂಪ್ಯೂಟರಿಗೆ ಪರವಾನಗಿ ಇದೆ ಎಂದು ಅದರ ಅರ್ಥ.

"ಈ ಪರವಾನಗಿ ಯಾರ ಕೊಟ್ಟರು?"

"ಯಾರೂ ಕೊಟ್ಟಿಲ್ಲ ಕಾಕಾ. ಮಾಡೂ ಮುಂದನ ಹಂಗ ಮಾಡಿ ಕಳಸಿರತಾರ."

ಬಾಳಾಸಾಹೇಬರು ತೊಡೆ ತಟ್ಟಿಕೊಂಡರು. "ಹಿಡದೆ ನೋಡು! ತಾ ಮಲಗೂ ಮೊದಲ ಇದು ವೈಫೈನ ಮಲಗಸತೈತಿ. ಮುಂದ ತಾ ಎದ್ದಾಗ ಅದನ್ನ ಎಬ್ಬಸೂದ ಮರೀತೈತಿ. ಅದೇನೂ ದಾರಿ ತಪ್ಪಿಲ್ಲೋ, ಅದಿನ್ನೂ ಹಾಸಿಗ್ಯಾಗ ಐತಿ! ದಾದಾಸಾಬ, ನೀ ಹೇಳಿದ್ದ ಖರೆ."

ದಾದಾಸಾಬ ಹೆಮ್ಮೆಯಿಂದ ಮೀಸೆ ಸವರಿಕೊಂಡ. ಬಾಳಾಸಾಹೇಬರು ತಮ್ಮದೇ ಕೈಯಿಂದ ಆ ಗುರುತು ತೆಗೆದರು. ಅವರಿಗಾದ ಸಂತೋಷ ಹೇಳತೀರದು. ಬೆಳಗಿನಿಂದ ಬೆನ್ನು ಹತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಪಿಂಚಣಿಯ ಚಿಂತೆ ಕೂಡ ಒಂದು ಗಳಿಗೆ ಮರೆತಿತ್ತು. ಇನ್ನು ಉಳಿದದ್ದು ಒಂದೇ, ಪರೀಕ್ಷೆ. ಅವರು ಮುಚ್ಚಳದ ಮೇಲೆ ಕೈಯಿಟ್ಟರು.

ಇಂದುಬಾಯಿ ಆ ಕೈ ಹಿಡಿದರು. "ಏನ ಮಾಡಾಕತ್ತೀರಿ?"

"ಮಲಗಿಸಿ ಎಬ್ಬಿಸಿ ನೋಡತೀನಿ. ಬರೋಬರ ಆಗೈತಿಲ್ಲೋ ಗೊತ್ತಾಗಬೇಕಲ್ಲ."

"ಎರಡೂವರಿ ಆತು! ಎದ್ದು ಕುಂತದ್ದನ್ನ ಮತ್ತ ಮಲಗಸತಾರಂತ! ಬರದಿದ್ದರ? ಮತ್ತ ನೂರು ಎಣಸೂನೇನು? ಪರೀಕ್ಷಾ ನಾಳಿ ಮಾಡ್ರಿ."

"ನಿದ್ದೀನ ಬಂದ್ ಮಾಡೋ ಸೆಟಿಂಗ್ ಒಂದ ಐತಿ..." ಎಂದು ಈರೇಶ ಬಾಯಿ ತೆರೆದ.

"ನಿನ್ನ ಸೆಟಿಂಗ್ ನೋಡೇವಿ. ನೀ ಇನ್ನ ದೂರ ನಿಲ್ಲು" ಎಂದು ಇಂದುಬಾಯಿ ಅವನನ್ನು ಹೊಸ್ತಿಲಿನ ಆಚೆಗೆ ಕಳಿಸಿದರು. "ನಾ ಹೇಳತೀನಿ ಕೇಳ್ರಿ. ಪಹಾರಾ ಹಾಕೂಣು."

ಇಂದುಬಾಯಿಗೆ ಪಹರೆಯ ವಿಷಯದಲ್ಲಿ ಇಪ್ಪತ್ತು ವರ್ಷದ ಅನುಭವ. ಮಠದಲ್ಲಿ ಪ್ರತಿ ವರ್ಷ ಶಿವನಾಮ ಸಪ್ತಾಹ ನಡೆಯುತ್ತದೆ. ಏಳು ದಿನ, ಏಳು ರಾತ್ರಿ ವೀಣೆ ನೆಲಕ್ಕೆ ತಾಗಬಾರದು. ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೋಗುತ್ತಲೇ ಇರಬೇಕು. ಯಾರ ಸರದಿ ಎಷ್ಟು ಹೊತ್ತಿಗೆ ಎಂಬ ಪಟ್ಟಿ ಬರೆಯುವವರು ಇಂದುಬಾಯಿಯೇ. ಹಿಡಿದವರು ಮುಂದಿನವರು ಬರುವ ತನಕ ಜಾಗ ಬಿಡುವಂತಿಲ್ಲ, ಅತ್ತಿತ್ತ ಮಾತಾಡುವಂತಿಲ್ಲ. ಆ ಕಟ್ಟಳೆಯನ್ನೇ ಈಗ ಲ್ಯಾಪ್‌ಟಾಪಿಗೆ ಹಚ್ಚಿದರು. ಕೀಲಿಗಳ ಕೆಳಗಿನ ನುಣುಪಾದ ಪಟ್ಟಿಯ ಮೇಲೆ ಒಂದು ಬೆರಳು ಸದಾ ಆಡುತ್ತಿದ್ದರೆ ಯಂತ್ರ ಮಲಗುವುದಿಲ್ಲ. ಬಾಳಾಸಾಹೇಬರ ವಹಿಯ ಹಿಂದಿನ ಹಾಳೆಯಲ್ಲೇ ಪಟ್ಟಿ ತಯಾರಾಯಿತು.

"ಬೆರಳ ನಾನ ಆಡಸತೀನಲ್ಲ, ಹೆಂಗೂ ಮುಂದನ ಕುಂದರತೀನಿ" ಎಂದರು ಬಾಳಾಸಾಹೇಬರು.

"ನೀವು ಹಯಾತಿ ಕೊಡಾವ್ರು. ನೆಟ್ಟಗ ಕುಂತ, ಜೀವಂತ ಕಾಣೂದಷ್ಟ ನಿಮ್ಮ ಕೆಲಸ" ಎಂದು ಇಂದುಬಾಯಿ ಅವರಿಗೆ ಇಸ್ತ್ರಿಯ ಅಂಗಿ, ಬಿಳಿ ಟೊಪ್ಪಿಗೆ ಹಾಕಿಸಿ ಕೂಡಿಸಿದರು.

ಮೊದಲ ಪಹರೆ ದಾದಾಸಾಬನದು. ತಾರು ಮೀಟಿದ ಬೆರಳು, ಪಟ್ಟಿಯ ಮೇಲೆ ಲಯವಾಗಿ ಆಡಿತು. ಮೂರು ಹೊಡೆಯಿತು, ಯಾರೂ ಬರಲಿಲ್ಲ. ಎರಡನೆಯ ಪಹರೆ ಇಂದುಬಾಯಿಯದು. ಮೂರೂ ಕಾಲು ಆಯಿತು, ಪರದೆಯ ಮೇಲೆ ಕಾಯಿರಿ ಎಂಬ ಸಾಲು ಮಾತ್ರ. ಸರದಿ ಮುಗಿಸಿ ದಾದಾಸಾಬ ಅಂಗಡಿಗೆ, ಇಂದುಬಾಯಿ ಮಾಳಿಗೆಗೆ ಹೋದರು. ಮೂರನೆಯ ಪಹರೆಗೆ ಬಂದವರು ನೇಮಿನಾಥರು.

ನೇಮಿನಾಥರು ವಾಡೆಯ ಹಿಂಬದಿಯ ಮನೆಯವರು, ಎಪ್ಪತ್ತಾರರ ಜೈನ ಹಿರಿಯರು. ಮಾಲಗಾಂವದಲ್ಲಿ ದ್ರಾಕ್ಷಿ ತೋಟವಿತ್ತು. ಅದನ್ನು ಮಕ್ಕಳಿಗೆ ಬಿಟ್ಟು ಇಲ್ಲಿ ಬಸದಿಯ ಹತ್ತಿರವಿದ್ದರು. ಅಂದು ಚತುರ್ದಶಿ, ಊಟವಾದ ಮೇಲೆ ನಾಲ್ಕು ಗಂಟೆಯ ತನಕ ಅವರದು ಮೌನವ್ರತ. ಮಾತಾಡುವುದಿಲ್ಲ, ಬರೆದು ತೋರಿಸುವುದೂ ಇಲ್ಲ. ಇಂದುಬಾಯಿಗೆ ಇದಕ್ಕಿಂತ ಒಳ್ಳೆಯ ಪಹರೆಯವರು ಸಿಗುವಂತಿರಲಿಲ್ಲ. ನೇಮಿನಾಥರು ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು ಬಾಳಾಸಾಹೇಬರ ಪಕ್ಕದಲ್ಲಿ ಕೂತು ಪಟ್ಟಿಯ ಮೇಲೆ ಬೆರಳಿಟ್ಟರು. ಇಬ್ಬರದೂ ಒಂದೇ ಬಗೆಯ ಟೊಪ್ಪಿಗೆ, ಬೆಳ್ಳಗಾದ ಮೀಸೆ, ದಪ್ಪ ಗಾಜಿನ ಕನ್ನಡಕ.

ಮೂರೂವರೆಗೆ ಬಾಳಾಸಾಹೇಬರ ಹೊಟ್ಟೆಯಲ್ಲಿದ್ದ ಚಹಾಗಳು ಒಟ್ಟಾಗಿ ಎದ್ದವು. ಎಪ್ಪತ್ತೊಂದರ ವಯಸ್ಸು, ತಡೆದುಕೊಳ್ಳುವುದಕ್ಕೂ ಒಂದು ಮಿತಿ ಇರುತ್ತದೆ. ಇನ್ನೈದು ನಿಮಿಷ, ಇನ್ನೆರಡು ನಿಮಿಷ ಎಂದು ಕಾಲು ಬಿಗಿಹಿಡಿದು ಕೂತರು. ಕಡೆಗೆ, "ನೇಮಣ್ಣಾ, ಹಿಂಗ ಹೋಗಿ ಹಂಗ ಬಂದೆ. ಕೈ ತಗೀಬ್ಯಾಡ್ರಿ" ಎಂದು ಎದ್ದು ಓಡಿದರು. ನೇಮಿನಾಥರು ಆಗಲಿ ಎಂಬಂತೆ ಕಣ್ಣು ಮುಚ್ಚಿ ತೆರೆದರು.

ಪಾಯಖಾನೆ ಅಂಗಳದ ಆ ತುದಿಗೆ, ಇಡೀ ವಾಡೆಗೆ ಒಂದೇ. ಬಾಗಿಲು ಒಳಗಿನಿಂದ ಹಾಕಿತ್ತು. ಒಳಗೆ ಈರೇಶ ಯಾವನೋ ಗಿರಾಕಿಗೆ ಫೋನಿನಲ್ಲಿ ಗಾಜು ಹಚ್ಚುವ ಬಗೆ ವಿವರಿಸುತ್ತಿದ್ದ.

"ಈರೇಶಾ, ಹೊರಗ ಬಾರೋ! ನನ್ನ ಹಯಾತಿ ಹೊಂಟೈತಿ!"

"ಬಂದೆ ಕಾಕಾ, ಎರಡ ಮಿನಿಟು."

ಈರೇಶನ ಎರಡು ನಿಮಿಷ ಎಷ್ಟುದ್ದ ಎಂಬುದು ಅಂದು ಬಾಳಾಸಾಹೇಬರಿಗೆ ಎರಡನೆಯ ಸಲ ಗೊತ್ತಾಯಿತು. ಅವರು ಪಡಸಾಲೆಗೆ ಮರಳಿದಾಗ ಮೂರೂ ಮುಕ್ಕಾಲು. ನೇಮಿನಾಥರು ಕಲ್ಲಿನ ಹಾಗೆ ಕೂತಿದ್ದರು. ಬೆರಳು ಪಟ್ಟಿಯ ಮೇಲೆ ಆಡುತ್ತಲೇ ಇತ್ತು. ಹಣೆಯ ಮೇಲೆ ಬೆವರು. ಪರದೆಯ ಮೇಲೆ ಒಂದು ದೊಡ್ಡ ಹಸಿರು ಗುರುತು, ಅದರ ಕೆಳಗೆ ಹಯಾತಿ ದಾಖಲೆ. ಹೆಸರು ಬಾಳಾಸಾಹೇಬ ಶೇಟೆ. ಪಿಂಚಣಿ ಸಂಖ್ಯೆ ಬಾಳಾಸಾಹೇಬರದೇ. ಈ ವ್ಯಕ್ತಿ ಇಂದು ಜೀವಂತ ಇರುವುದನ್ನು ಖಾತ್ರಿಪಡಿಸಲಾಗಿದೆ ಎಂಬ ಒಕ್ಕಣೆ. ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ, ಕಣ್ಣರಳಿಸಿಕೊಂಡು, ನೇಮಿನಾಥರ ಫೋಟೊ.

ಬಾಳಾಸಾಹೇಬರು ಇಂದುಬಾಯಿಯನ್ನು ಕೂಗಿದರು. ಇಂದುಬಾಯಿ ಬಂದು ನೋಡಿ ಹೌಹಾರಿದರು. "ಕಾಕಾ, ಇದ ಹೆಂಗಾತು? ಹೇಳ್ರಲಾ!" ನೇಮಿನಾಥರು ನಾಲ್ಕು ಬೆರಳು ಎತ್ತಿ ತೋರಿಸಿದರು. ನಾಲ್ಕು ಗಂಟೆಗೆ ಇನ್ನೂ ಹದಿನೈದು ನಿಮಿಷವಿತ್ತು. ಸುದ್ದಿ ಕೇಳಿ ದಾದಾಸಾಬ, ಈರೇಶರೂ ಬಂದರು. ಆ ಹದಿನೈದು ನಿಮಿಷ ನಾಲ್ಕು ಮಂದಿ ಅವರ ತುಟಿಯನ್ನೇ ನೋಡುತ್ತ ಕೂತರು. ಬಾಳಾಸಾಹೇಬರಿಗೆ ಬೆಳಗಿನ ನಾಲ್ಕು ತಾಸಿಗಿಂತ ಇದು ದೊಡ್ಡದೆನಿಸಿತು.

ಗಡಿಯಾರ ನಾಲ್ಕು ಹೊಡೆದೊಡನೆ ನೇಮಿನಾಥರು ಕೈಮುಗಿದು ಏನೋ ಮಂತ್ರ ಹೇಳಿಕೊಂಡು ಬಾಯಿ ಬಿಟ್ಟರು.

"ನೀ ಹ್ವಾದಿ, ಆಫೀಸಿನಾಕಿ ಬಂದಳು. ಬಾಳಾಸಾಹೇಬ ಶೇಟೆ ನೀವ ಏನ್ರಿ ಅಂದಳು. ನಾ ಅಲ್ಲವಾ ಅಂತ ಗೋಣ ಅಲ್ಲಾಡಿಸಿದೆ. ಶಾಬಾಸ್, ಎಡಕ್ಕೂ ಬಲಕ್ಕೂ ಗೋಣ ಬರೋಬರ ತಿರಗತೈತಿ ಅಂದಳು. ನನಗ ಗಾಬರಿ ಆತು. ಕಣ್ಣ ಪಿಳಿಪಿಳಿ ಮಾಡಿದೆ. ಕಣ್ಣೂ ಬಡೀತಾವು ಅಂತ ಬರಕೊಂಡಳು. ಮೌನ ಅಂತ ತುಟೀಮ್ಯಾಲ ಬೆರಳ ಇಟ್ಟೆ. ಆವಾಜ ಬರದಿದ್ದರೂ ನಡೀತೈತಿ ಕಾಕಾ, ಮಾರಿ ಸಾಕು ಅಂದಳು. ಕಡೀಕ ಕೈ ಎತ್ತಿ ತಡಿ ತಡಿ ಅಂದೆ. ನಮಸ್ಕಾರ ಅಂತ ಹೇಳಿ ಹೊಂಟಹೋದಳು."

"ಎದ್ದು ಹೋಗಿ ನನ್ನ ಕರೀಬೇಕಿಲ್ಲೇನು ನೇಮಣ್ಣಾ?"

"ಪಹಾರಾದಾಗ ಇದ್ದೆ. ಹೆಂಗ ಏಳಲಿ?"

ಕಟ್ಟಳೆ ಹಾಕಿದ ಇಂದುಬಾಯಿ ನೆಲ ನೋಡಿದರು.

ದಾಖಲೆಯ ಕೆಳಗೊಂದು ಫೋನ್ ಸಂಖ್ಯೆ ಇತ್ತು. ಈರೇಶನ ಫೋನಿನಿಂದ ಹಚ್ಚಿದರು. ಆ ಕಡೆ ಅದೇ ಅಧಿಕಾರಿ, ಅಲಕಾ ಮೇಡಂ. ಬಾಳಾಸಾಹೇಬರ 'ನಮಸ್ಕಾರ್ರಿ' ಕೇಳಿದವರೇ ಮರಾಠಿ ಬಿಟ್ಟು ಕನ್ನಡಕ್ಕೆ ಬಂದರು, ಕನ್ನಡ ಆಡುವ ಜತ್ತ ಕಡೆಯವರು.

"ಮೇಡಂ, ಬಾಳಾಸಾಹೇಬ ಶೇಟೆ ಅವರ ದಾಖಲೆದಾಗ ಒಂದ ಗಡಬಡ ಆಗೇತ್ರಿ."

"ಏನೂ ಗಡಬಡ ಇಲ್ರಿ. ನಾನ ಸ್ವತಃ ನೋಡೇನಿ. ಛಲೋ ಗಟ್ಟಿಮುಟ್ಟ ಅದಾರ. ಹಳೇ ಫೋಟೊ ಭಾಳ ಮಸಕ ಇತ್ತು, ತಗದ ಒಗದು ಇವತ್ತಿನ ಮಾರಿನ ಕಾಯಂ ಮಾಡೇನಿ. ಇನ್ನ ಮುಂದ ಪ್ರತೀ ವರ್ಷ ಯಂತ್ರನ ಹೊಂದಿಸಿ ನೋಡತೈತಿ. ಆ ಮಾರಿ ಬಂದರ ಪಿಂಚಣಿ, ಬರದಿದ್ದರ ಬಂದ್."

"ಅಲ್ರಿ ಮೇಡಂ, ಒಂದು ವೇಳೆ ಆ ಮಾರಿ ಬ್ಯಾರೇದವರದು ಆಗಿದ್ದರ..."

ಅಲಕಾ ಮೇಡಂ ದನಿ ಬದಲಾಯಿತು. "ಹಂಗಾದರ ಅದು ತೋತಯಾಗಿರಿ ಆತು, ಒಬ್ಬರ ಹೆಸರಲೆ ಇನ್ನೊಬ್ಬರು ಕುಂತ ಮೋಸ. ಪಿಂಚಣಿ ಇವತ್ತ ನಿಲ್ಲಸತೀನಿ, ಕೂತವರ ಮ್ಯಾಲ ಕೇಸು, ಕೂಡಿಸಿದವರ ಮ್ಯಾಲೂ ಕೇಸು. ನೀವ್ಯಾರ ಮಾತಾಡೂದು?"

ಬಾಳಾಸಾಹೇಬರು ನೇಮಿನಾಥರ ಕಡೆ ನೋಡಿದರು. ಆಯುಷ್ಯದಲ್ಲಿ ಒಂದು ಸುಳ್ಳೂ ಆಡದ ಮನುಷ್ಯ ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದರು. ಬೇಡಗದ ಗೆಳೆಯನ ಹನ್ನೊಂದು ತಿಂಗಳು ನೆನಪಾಯಿತು.

"ನಾನಾ? ನಾನು ಬಾಳಾಸಾಹೇಬರ ಶೇಜಾರಿರಿ, ಬಾಜೂ ಮನಿಯಾವ" ಎಂದರು. "ಅವರು ಆರಾಮ ಅದಾರ. ಸುಮ್ನ ಕೇಳಿದೆ."

ಫೋನು ಇಟ್ಟ ಮೇಲೆ ಒಬ್ಬೊಬ್ಬರೇ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಬಾಳಾಸಾಹೇಬರು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ ಐದು ನಿಮಿಷ ಕೂತರು. ಆಮೇಲೆ ತೆರೆದರು. ಕಣ್ಣು ಮಿಟುಕಿಸುವುದರೊಳಗೆ ವೈಫೈ ಬಂತು. ಮತ್ತೊಂದು ಸಲ ಮಲಗಿಸಿ ಎಬ್ಬಿಸಿದರು, ಆಗಲೂ ಬಂತು. ಎರಡೂವರೆಗೇ ಎಲ್ಲ ಸರಿಯಾಗಿತ್ತು. ಪಹರೆ ಬೇಕೇ ಇರಲಿಲ್ಲ. ಇದನ್ನು ಯಾರಿಗಾದರೂ ಹೇಳಬೇಕೆಂದು ತಲೆ ಎತ್ತಿದರೆ, ಪಡಸಾಲೆಯಲ್ಲಿ ಉಳಿದವರು ನೇಮಿನಾಥರೊಬ್ಬರೇ.

"ತಮ್ಮಾ, ನನ್ನಿಂದ ತಪ್ಪಾತು" ಎಂದರು ಅವರು. "ಪ್ರತೀ ವರ್ಷ ಬಂದ ಕುಂದರತೀನಿ, ಅದಕ್ಕೇನು. ಖರೆ ವಯಸ್ಸೂ ಆತು, ದೇಹದ ಮೋಹಾ ಕಡಿಮಿ ಮಾಡಬೇಕಂತ ಮಾಡೇನಿ. ಇವತ್ತಿಂದ ಏಕಾಸನ ಹಿಡದೇನಿ, ದಿನಕ್ಕ ಒಂದ ಹೊತ್ತಿನ ಊಟ. ಮುಂದ ಅದನ್ನೂ ಒಂದೊಂದು ತುತ್ತು ಇಳಸಕೋತ ಹೋಗೂದು. ಮಧ್ಯಾಹ್ನ ಉಂಡೇನಿ, ಇನ್ನ ನಾಳಿಗೆ." ಹೇಳಿ, ಗೋಡೆ ಹಿಡಿದು ಎದ್ದು, ಎರಡು ಸಲ ಕೆಮ್ಮಿ, ನಿಧಾನವಾಗಿ ನಡೆದುಹೋದರು.

ಆ ಕೆಮ್ಮು ಬಾಳಾಸಾಹೇಬರ ಎದೆಗೆ ನೇರವಾಗಿ ನಾಟಿತು.

ಐದೂವರೆಗೆ ತರಬೇತಿ ಮುಗಿಸಿ ಬಂದ ರೂಪಾಲಿಗೆ ಅಡುಗೆಮನೆಯಲ್ಲಿ ಮಾವ ಕಂಡರು. ಎಂದೂ ಒಲೆ ಹಚ್ಚದ ಮನುಷ್ಯ ಉಳ್ಳಾಗಡ್ಡಿ, ಬಳ್ಳೊಳ್ಳಿ ಇಲ್ಲದ ಬೇಳೆ ಕುದಿಸಿ, ಡಬ್ಬಿಯ ಜೋಳದ ಭಕ್ರಿ ಬಿಸಿಮಾಡಿ, ಮೇಲೆ ಅಂಗೈ ತುಂಬ ತುಪ್ಪ ಸುರಿಯುತ್ತಿದ್ದರು.

"ಮಾಮಾ, ಆತೇನ್ರಿ ಕೆಲಸ?"

"ಆಗೇತವಾ, ದಾಖಲೆ ಬಂದೈತಿ" ಎಂದಷ್ಟೇ ಹೇಳಿ ತಾಟು ಹಿಡಿದುಕೊಂಡು ಅಂಗಳ ದಾಟಿದರು. ಪಡುವಣದಲ್ಲಿ ಬಿಸಿಲು ಗೋಡೆಯ ಮೇಲಿಂದ ಇಳಿಯುತ್ತಿತ್ತು. ಮುಳುಗಿದ ಮೇಲೆ ನೇಮಿನಾಥರು ನೀರೂ ಮುಟ್ಟುವವರಲ್ಲ. ಬಾಗಿಲು ಬಡಿದಾಗ ಅವರು ಜಪಮಣಿ ಹಿಡಿದು ಹೊರಬಂದರು, ತಾಟು ನೋಡಿ ಕೈಯಾಡಿಸಿದರು.

"ಹೇಳಿದ್ನಲ್ಲಾ ತಮ್ಮಾ, ನಂದು ಇವತ್ತಿನ ಊಟಾ ಮುಗದೈತಿ."

ಬಾಳಾಸಾಹೇಬರು ಹೊಸ್ತಿಲ ಮೇಲೆ ಕೂತು ತಾಟನ್ನು ಮುಂದೆ ಸರಿಸಿದರು.

"ನಿಮ್ಮದು ಮುಗದೈತಿ ನೇಮಣ್ಣಾ, ನಂದ ಉಣ್ರಿ" ಎಂದರು. "ಮುಂದಿನ ನವೆಂಬರ್ ತನಕ ನಾ ಬದಕಬೇಕು."